ವಿಷಯ: ಬಿಲ್ ಬಗ್ಗೆ

ಇವತ್ತು ಮತ್ತೊಂದು ಬಾಕಿ ವಸೂಲಿ ಪತ್ರ ಕಣ್ಣಿಗೆ ಬಿತ್ತು. ಸಣ್ಣ ಕಾರ್ಖಾನೆಯವರು ದೊಡ್ಡ ಕಂಪನಿಗೆ ಬರೆದದ್ದು. ದಪ್ಪ ಕಾಗದ, ಬಣ್ಣದ ಲೋಗೊ, ಎಲ್ಲಾ ಚೆಂದ. ವಿಷಯದ ಸಾಲಿನಲ್ಲಿ ಮಾತ್ರ ಎರಡೇ ಪದ: ‘ಬಿಲ್ ಬಗ್ಗೆ’. ಹೊಟ್ಟೆ ಉರಿದುಹೋಯಿತು. ಯಾವ ಬಿಲ್ಲು? ಎಷ್ಟು ದುಡ್ಡು? ಯಾವತ್ತಿನದು?

ಪತ್ರವನ್ನು ಮೊದಲು ಒಡೆಯುವವರು ಮ್ಯಾನೇಜರ್ ಅಲ್ಲ, ಟಪಾಲು ನೋಡಿಕೊಳ್ಳುವವರು. ಆವಕ ಪುಸ್ತಕದಲ್ಲಿ ಅವರು ಬರೆದುಕೊಳ್ಳುವುದು ಕ್ರಮಸಂಖ್ಯೆ, ತಾರೀಖು, ಕಳಿಸಿದವರ ಹೆಸರು, ವಿಷಯ. ಒಳಗಿನ ಒಕ್ಕಣೆಯನ್ನು ಯಾರೂ ಅಲ್ಲಿ ಓದುತ್ತಾ ಕೂರುವುದಿಲ್ಲ. ‘ಬಿಲ್ ಬಗ್ಗೆ’ ಎಂದು ದಾಖಲಾದದ್ದು ಖರೀದಿ ವಿಭಾಗಕ್ಕೋ ಲೆಕ್ಕಪತ್ರಕ್ಕೋ ಗೊತ್ತಾಗದೆ ನಡುವಿನ ಟ್ರೇಯಲ್ಲಿ ಉಳಿಯುತ್ತದೆ.

ಅದೇ ಸಾಲನ್ನು ಹೀಗೆ ಬರೆದು ನೋಡಿ:

‘ವಿಷಯ: ಇನ್‌ವಾಯ್ಸ್ ಸಂ. 118, ದಿ. 12.08.2025ರ ಬಾಕಿ ರೂ. 1,86,440 ಪಾವತಿಸುವ ಕುರಿತು.’

ಇನ್ನು ಯಾರ ಮೇಜಿಗೆ ಹೋಗಬೇಕೆಂದು ಯಾರನ್ನೂ ಕೇಳಬೇಕಿಲ್ಲ. ಅದರ ಕೆಳಗೆ ‘ಉಲ್ಲೇಖ’. ತಾರೀಖಿನ ಕ್ರಮದಲ್ಲೇ ಇರಲಿ: 1. ತಮ್ಮ ಖರೀದಿ ಆದೇಶ, 2. ಸ್ಟೋರ್ಸ್ ಮೊಹರು ಬಿದ್ದ ಡೆಲಿವರಿ ಚಲನ್, 3. ನಮ್ಮ ಇನ್‌ವಾಯ್ಸ್. ಮುಂದೆ ‘ಉಲ್ಲೇಖ 2ರ ಪ್ರಕಾರ ಸರಕು ತಲುಪಿದೆ’ ಎಂದರೆ ಸಾಕು.

‘ಈಗೆಲ್ಲಾ ಈಮೇಲ್, ವಾಟ್ಸಾಪ್, ಪತ್ರ ಯಾರು ಓದುತ್ತಾರೆ’ ಅನ್ನುವವರಿದ್ದಾರೆ. ಈಮೇಲಿಗೂ ವಿಷಯದ ಸಾಲು ಇದೆಯಲ್ಲ, ಅಲ್ಲೂ ‘ಪೇಮೆಂಟ್’ ಎಂದಷ್ಟೇ ಬರೆದು ಕಳಿಸುತ್ತಾರೆ! ಈ ಒಂದು ಸಾಲಿನ ವಿಚಾರದಲ್ಲಿ ನನಗೆ ತಾಳ್ಮೆ ಕಡಿಮೆ, ಗೊತ್ತಿರುವವರಿಗೆ ಗೊತ್ತು.

ಇನ್ನು ಒಕ್ಕಣೆ. ‘ಈ ಮೂಲಕ ತಮ್ಮಲ್ಲಿ ವಿನಯಪೂರ್ವಕವಾಗಿ ಕೇಳಿಕೊಳ್ಳುವುದೇನೆಂದರೆ’ ಎಂದು ಶುರುಮಾಡಿದರೆ ವಿಷಯಕ್ಕೆ ಬರುವ ಮೊದಲೇ ಒಂದು ಸಾಲು ಹೋಯಿತು. ಮಾಲು ಕೊಟ್ಟವರು ಬೇಡಬೇಕಿಲ್ಲ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯಲ್ಲಿ ನೋಂದಾಯಿತ ಸೂಕ್ಷ್ಮ, ಸಣ್ಣ ಘಟಕಗಳಿಗೆ ಪಾವತಿಯ ಗಡುವು ಸ್ಪಷ್ಟವಾಗಿದೆ: ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ, ಇಲ್ಲದಿದ್ದರೆ 15 ದಿನ. ಮೀರಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿ. ದಿನ ಎಣಿಸುವುದು ಸರಕು ಸ್ವೀಕೃತವಾದ ದಿನದಿಂದ. ಹಾಗಾಗಿ ಮೊದಲ ವಾಕ್ಯದಲ್ಲೇ ‘ಸರಕನ್ನು ತಾವು 12.08.2025ರಂದು ಸ್ವೀಕರಿಸಿದ್ದು, 45 ದಿನಗಳ ವಾಯಿದೆ 26.09.2025ಕ್ಕೆ ಮುಗಿದಿದೆ’ ಎಂದು ಬರೆಯಿರಿ. ಆ ನೋಂದಣಿಯ ಸಂಖ್ಯೆಯೂ (ಉದ್ಯಮ್ ಸಂಖ್ಯೆ) ಲೆಟರ್‌ಹೆಡ್‌ನಲ್ಲಿರಲಿ. ಕಂಪನಿಯಾಗಿದ್ದರೆ ನೋಂದಾಯಿತ ಕಚೇರಿಯ ವಿಳಾಸ ಮತ್ತು 21 ಅಕ್ಷರಾಂಕಿಗಳ ಸಿಐಎನ್ (ಕಂಪನಿಯ ಗುರುತಿನ ಸಂಖ್ಯೆ) ಪತ್ರದ ಮೇಲೆ ಇರಲೇಬೇಕು, 2013ರ ಕಂಪನಿ ಕಾಯ್ದೆಯ ನಿಯಮ ಅದು.

ಎಡಗಡೆ ಒಂದೂವರೆ ಇಂಚು ಜಾಗ ಬಿಡಿ, ಫೈಲಿಗೆ ತೂತು ಹೊಡೆದಾಗ ಮೊದಲ ಅಕ್ಷರಗಳು ಹೋಗಬಾರದು. ಸಾಲುಗಳ ಅಂತರ ತೀರಾ ಬಿಗಿ ಇಟ್ಟರೆ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತವೆ. ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನು ಹಾಗೇ ಕಳಿಸಲೇಬೇಡಿ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನಿಮ್ಮ ವಿಷಯದ ಸಾಲು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಯೂನಿಕೋಡ್ ಬಳಸಿ, ಪಿಡಿಎಫ್ ಮಾಡಿ ಕಳಿಸಿ.

ಮುಕ್ತಾಯಕ್ಕೆ ‘ತಮ್ಮ ವಿಶ್ವಾಸಿ’ ಸಾಕು, ‘ವಿಧೇಯ’ ಬೇಡ. ಮೊಹರು ಸಹಿಯ ಪಕ್ಕದಲ್ಲಿ ಬೀಳಲಿ, ಮೇಲಲ್ಲ. ಅಡಕಗಳಿಗೆ ಉಲ್ಲೇಖದ ಸಂಖ್ಯೆಗಳನ್ನೇ ಕೊಡಿ. ಎರಡನೇ ಪ್ರತಿಯ ಮೇಲೆ ತಾರೀಖಿನ ಸಮೇತ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಹಾಕಿಕೊಡದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ಆ ಪ್ರತಿಗೇ ಪಿನ್ ಹೊಡೆದು ಇಟ್ಟುಕೊಳ್ಳಿ.