ನಿಜದ ಅರಮನೆ ಪಕ್ಕ ಥರ್ಮಾಕೋಲ್ ಅರಮನೆ

ಪ್ಯಾಲೇಸ್ ಗ್ರೌಂಡ್ಸ್‌ನಲ್ಲಿ ಮದುವೆ ಊಟ ಮಾಡದ ಬೆಂಗಳೂರಿಗರು ಕಮ್ಮಿ. ಹಾಗೆ ಉಂಡು ಬಂದವರಲ್ಲಿ ಎಷ್ಟು ಜನ ಅರಮನೆ ನೋಡಿದ್ದೀರಿ? ಬಳ್ಳಾರಿ ರಸ್ತೆ ಕಡೆಯ ಗೇಟಲ್ಲಿ ಒಳಗೆ ಹೋಗಿ, ಕಾರು ನಿಲ್ಲಿಸಿ, ಅಕ್ಷತೆ ಹಾಕಿ, ಎಲೆ ಮುಂದೆ ಕೂತೆದ್ದು, ತಾಂಬೂಲದ ಚೀಲ ಹಿಡಿದು ಬಂದರೆ ಮುಗೀತು. ಅರಮನೆ ಇರೋದು ಇನ್ನೊಂದು ಮೂಲೆಯಲ್ಲಿ, ವಸಂತನಗರದ ಕಡೆಗೆ.

ಈಗ ಊರ ನಡುವೆ ಸಿಕ್ಕಿಕೊಂಡಿರುವ ಈ ಜಾಗ ಒಂದು ಕಾಲಕ್ಕೆ ಊರಾಚೆ. ಸೆಂಟ್ರಲ್ ಹೈಸ್ಕೂಲಿನ ಪ್ರಿನ್ಸಿಪಾಲರಾಗಿದ್ದ ರೆವರೆಂಡ್ ಗ್ಯಾರೆಟ್ ಅವರದಾಗಿತ್ತು. ಇನ್ನೂ ಬಾಲಕರಾಗಿದ್ದ ಚಾಮರಾಜೇಂದ್ರ ಒಡೆಯರ ಪರವಾಗಿ 1873ರಲ್ಲಿ ಕೊಂಡರು. ಆಮೇಲೆ ಇಂಗ್ಲೆಂಡಿನ ಟ್ಯೂಡರ್ ಧಾಟಿಯ ಅರಮನೆ ಎದ್ದಿತು.

472 ಎಕರೆ 16 ಗುಂಟೆ. ಇಷ್ಟು ನೆಲ ಅಪಾರ್ಟ್‌ಮೆಂಟ್ ಆಗದೆ ಉಳಿದದ್ದು ಹೇಗೆ ಅಂದರೆ, ನನ್ನ ಪ್ರಕಾರ ಜಗಳದಿಂದ! ಸರ್ಕಾರ ಸ್ವಾಧೀನಕ್ಕೆ 1996ರಲ್ಲಿ ಕಾಯ್ದೆ ಮಾಡಿತು, ರಾಜಮನೆತನ ಕೋರ್ಟಿಗೆ ಹೋಯಿತು, ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ ವರ್ಷಗಟ್ಟಲೆ ಕೂತಿತು. ಕಾಯಂ ಕಟ್ಟಡ ಕಟ್ಟೋ ಹಾಗಿಲ್ಲ ಅಂದಮೇಲೆ ಉಳಿದದ್ದು ಶಾಮಿಯಾನ, ಶೆಡ್ಡು, ಬಾಡಿಗೆ. ಹಾಗಾಗಿ ಕಾರ್ಯಕ್ರಮಗಳನ್ನೇ ನಿಲ್ಲಿಸಿ ಅನ್ನುವವನಲ್ಲ ನಾನು. ವಿದೇಶಿ ರಾಕ್ ತಂಡಗಳಾದ ರೋಲಿಂಗ್ ಸ್ಟೋನ್ಸ್ 2003ರಲ್ಲಿ, ಐರನ್ ಮೇಡನ್ 2007ರಲ್ಲಿ, ಮೆಟಾಲಿಕಾ 2011ರಲ್ಲಿ ಇಲ್ಲೇ ಹಾಡಿದ್ದು. ಅಂಥ ಜನಜಾತ್ರೆಗೆ ಬಯಲೇ ಬೇಕು.

ನನ್ನ ತಕರಾರು ಮದುವೆಯ ಸೆಟ್ಟುಗಳ ಬಗ್ಗೆ. ನಿಜವಾದ ಅರಮನೆಯ ಅಂಗಳದಲ್ಲೇ ಪ್ಲೈವುಡ್, ಥರ್ಮಾಕೋಲಿನ ಸುಳ್ಳು ಅರಮನೆ! 2016ರ ನವೆಂಬರ್‌ನಲ್ಲಿ, ನೋಟು ರದ್ದಾಗಿ ಊರೆಲ್ಲ ಎಟಿಎಂ ಮುಂದೆ ಸಾಲು ನಿಂತಿದ್ದಾಗ, ಮಾಜಿ ಮಂತ್ರಿಯೊಬ್ಬರ ಮಗಳ ಮದುವೆಗೆ ಇಲ್ಲಿ ಹಂಪಿಯನ್ನೇ ಎಬ್ಬಿಸಿದ್ದರು. ಅಷ್ಟು ದುಡ್ಡಿಲ್ಲದವರೂ ಅದೇ ದಾರಿ ಹಿಡಿದಿದ್ದಾರೆ, ಅಳತೆ ಮಾತ್ರ ಚಿಕ್ಕದು. ಮಂಟಪ ಎಲ್ಲಿದ್ದರೂ ಫೋಟೋ ಒಂದೇ ಥರ ಬರೋದಾದರೆ ಇಲ್ಲಿಗೇ ಯಾಕೆ ಬರಬೇಕು? ಒಳ್ಳೆ ಮರ ಇದೆ, ಆಕಾಶ ಇದೆ, ಅದನ್ನೆಲ್ಲ ಬಟ್ಟೆ ಕಟ್ಟಿ ಮುಚ್ಚಿ ಒಳಗೆ ಪ್ಲಾಸ್ಟಿಕ್ ಬಳ್ಳಿ ಇಳಿಬಿಡೋದು ಯಾವ ರುಚಿ ಸ್ವಾಮಿ? ರಾತ್ರಿ ಹತ್ತರ ಮೇಲೆ ಬಯಲಲ್ಲಿ ಧ್ವನಿವರ್ಧಕ ಕೂಡದು ಅನ್ನೋ ನಿಯಮ ಬೇರೆ ಇದೆ, ಡಿಜೆಗೆ ಯಾರಾದರೂ ಹೇಳಿ. ಮುಹೂರ್ತದ ದಿನ ಪಕ್ಕದ ಮೇಖ್ರಿ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಸಿಕ್ಕಿ ವಿಮಾನ ತಪ್ಪಿಸಿಕೊಂಡವರ ಶಾಪದ ವಿಷಯ ಬೇಡ ಬಿಡಿ.

ಮದುವೆ ಮಾಡುವವರಿಗೆ ನನ್ನದೊಂದು ಸಲಹೆ: ಸೆಟ್ಟಿನ ಖರ್ಚಲ್ಲಿ ಸ್ವಲ್ಪ ಉಳಿಸಿ, ರಿಟರ್ನ್ ಗಿಫ್ಟ್ ಅಂತ ಸ್ಟೀಲ್ ಡಬ್ಬಿ ಕೊಡುವ ಬದಲು ನೆಂಟರಿಗೆ ಅರಮನೆಯ ಟಿಕೆಟ್ ಕೊಡಿ. ಊಟ ಆದಮೇಲೆ ಹೋಗಿ ನೋಡಿಕೊಂಡು ಬರಲಿ.