ಟಿಪ್ಪಣಿ ಬರೆಯುವವರು ಯಾರ ಕಡೆಯವರು?

ಮೊದಲ ಸಲ ತಪ್ಪಿದರೆ ದಂಡ ಸೊನ್ನೆ ಡಾಲರ್ ಇತ್ತು. ಎರಡು ವರ್ಷದೊಳಗೆ ಅದೇ ತಪ್ಪಿಗೆ ಮತ್ತೆ ಸಿಕ್ಕಿಬಿದ್ದರೆ 1,000 ಡಾಲರ್‌ವರೆಗೆ. ನ್ಯೂಯಾರ್ಕ್ ನಗರದ 2023ರ 39ನೇ ಸ್ಥಳೀಯ ಕಾನೂನಿನ ಮೂಲ ರೂಪದಲ್ಲಿದ್ದ ಈ ಸಾಲು ಕಣ್ಣಿಗೆ ಬಿದ್ದಾಗ ಅಚ್ಚರಿಯಾಯಿತು, ಖುಷಿಯೂ ಆಯಿತು. ಇ-ಬೈಕ್ ಬ್ಯಾಟರಿಗಳು ಹೊತ್ತಿಕೊಂಡು ಜನ ಸಾಯುತ್ತಿದ್ದ ಕಾಲದಲ್ಲಿ, ಸುರಕ್ಷಿತವಲ್ಲದ ಬೈಕು, ಬ್ಯಾಟರಿಗಳ ಮಾರಾಟ ತಡೆಯಲು ಬಂದ ಕಾನೂನು ಅದು. ಸಿಟ್ಟಿನ ಭಾಷಣದಿಂದ ಸೊನ್ನೆ ದಂಡ ಹುಟ್ಟುವುದಿಲ್ಲ. ಸಣ್ಣ ಅಂಗಡಿಯವನಿಗೆ ಹೊಸ ನಿಯಮ ತಲುಪಲು ಎಷ್ಟು ದಿನ ಬೇಕು, ಗೋದಾಮಿನಲ್ಲಿರುವ ಹಳೇ ಸರಕನ್ನು ಅವನೇನು ಮಾಡಬೇಕು ಎಂದು ಯಾರೋ ಕೂತು ಯೋಚಿಸಿದಾಗ ಮಾತ್ರ ಇಂಥ ಸಾಲು ಬರುತ್ತದೆ.

ಆ ‘ಯಾರೋ’ ಅಂದರೆ ನಗರದ ಕಾನೂನು ಮಾಡುವ ಚುನಾಯಿತ ಸಭೆಯಾದ ಸಿಟಿ ಕೌನ್ಸಿಲ್‌ನ ಸ್ವಂತ ಸಿಬ್ಬಂದಿ. 51 ಸದಸ್ಯರ ಈ ಕೌನ್ಸಿಲ್‌ನಲ್ಲಿ ಸಮಿತಿಗಳ ಕೆಲಸಕ್ಕೆ ವಕೀಲರು, ನೀತಿ ವಿಶ್ಲೇಷಕರು, ಹಣಕಾಸು ವಿಶ್ಲೇಷಕರು ಇದ್ದಾರೆ. ಸದಸ್ಯರು ತರುವುದು ಬರೀ ಒಂದು ಬಯಕೆ: ‘ಈ ಬೆಂಕಿ ನಿಲ್ಲಬೇಕು’. ವಕೀಲರು ಮೊದಲು ನೋಡುವುದು ಈ ವಿಷಯದಲ್ಲಿ ನಗರಕ್ಕೆ ಕಾನೂನು ಮಾಡುವ ಅಧಿಕಾರ ಇದೆಯೇ, ರಾಜ್ಯದ ಅಥವಾ ಒಕ್ಕೂಟದ ಕಾನೂನು ಅಡ್ಡ ಬರುತ್ತದೆಯೇ ಎಂದು. ಆಮೇಲೆ ಶಬ್ದಗಳ ಕೆಲಸ. ‘ಮಾರಬಾರದು’ ಎಂದಷ್ಟೇ ಬರೆದರೆ ಬಾಡಿಗೆಗೆ ಕೊಡುವವನು ತಪ್ಪಿಸಿಕೊಳ್ಳುತ್ತಾನೆ, ಹಾಗಾಗಿ ಮಾರಾಟ, ಗುತ್ತಿಗೆ, ಬಾಡಿಗೆ, ವಿತರಣೆ ಎಲ್ಲವೂ ಸಾಲಿನೊಳಗೆ ಬಂದವು. ‘ಸುರಕ್ಷಿತ ಬ್ಯಾಟರಿ’ ಎಂದರೆ ಕೋರ್ಟಿನಲ್ಲಿ ನಿಲ್ಲದು. ಉತ್ಪನ್ನಗಳ ಸುರಕ್ಷತೆಗೆ ಮಾನದಂಡ ರೂಪಿಸುವ ಯುಎಲ್ ಸಂಸ್ಥೆಯದನ್ನು ಹಿಡಿದು, ಬೈಕಿಗೆ ಯುಎಲ್ 2849, ಸ್ಕೂಟರಿಗೆ ಯುಎಲ್ 2272, ಬಿಡಿ ಬ್ಯಾಟರಿಗೆ ಯುಎಲ್ 2271 ಎಂದು ಮಾನದಂಡವನ್ನೇ ಹೆಸರಿಸಿದರು. ಹಳೇ ಬ್ಯಾಟರಿಗಳ ಸೆಲ್ ಕಿತ್ತು ಹೊಸದಾಗಿ ಜೋಡಿಸಿ ಮಾರುವವರಿಗೆ ಪ್ರತ್ಯೇಕ ಮಸೂದೆಯೇ ಬಂತು.

ಕರಡನ್ನು ಹತ್ತಿರದಿಂದ ನೋಡಿದರೆ ಕೆಲಸದ ರೀತಿ ತಿಳಿಯುತ್ತದೆ. ಹೊಸದಾಗಿ ಸೇರಿಸಿದ ಪದದ ಕೆಳಗೆ ಗೆರೆ, ತೆಗೆಯುವ ಪದಕ್ಕೆ ಚೌಕ ಕಂಸ. ತಿದ್ದಿದ ಕರಡಿಗೆ ಸಂಖ್ಯೆಯ ಜೊತೆ ಅಕ್ಷರ ಸೇರುತ್ತದೆ. 39ನೇ ಕಾನೂನು ಮಸೂದೆಯಾಗಿದ್ದಾಗ ಅದರ ಸಂಖ್ಯೆ 663 ಹೋಗಿ 663-ಎ ಆಯಿತು. ಈ ಅಂತಿಮ ಕರಡು ಮತಕ್ಕೆ ಹೋಗುವ ಮೊದಲು, ಭಾನುವಾರ ಬಿಟ್ಟು ಏಳು ದಿನ ಸದಸ್ಯರ ಮುಂದೆ ಇರಲೇಬೇಕು. ಆ ಏಳು ದಿನದಲ್ಲಿ ಒಂದು ಪದ ಬದಲಾದರೂ ಎಣಿಕೆ ಮತ್ತೆ ಮೊದಲಿನಿಂದ. ತುರ್ತು ಅಂದರೆ ಮೇಯರ್ ಬರೆದು ಕೊಡಬೇಕು, ಆಗ ಮೂರನೇ ಎರಡರಷ್ಟು ಮತವೂ ಬೇಕು. ಹಾಗಾಗಿ ಕರಡು ಕೊಡುವ ಹಿಂದಿನ ರಾತ್ರಿ ವಕೀಲರಿಗೆ ನಿದ್ದೆ ಇರುವುದಿಲ್ಲ. ಅಲ್ಪವಿರಾಮ ತಪ್ಪಿದರೂ ಒಂದು ವಾರ ಹೋಯಿತು. ಜಾರಿ ದಿನಾಂಕವನ್ನೂ ಮನಸ್ಸಿಗೆ ಬಂದಂತೆ ಬರೆಯುವುದಿಲ್ಲ. ಇಲಾಖೆ ನಿಯಮ ರೂಪಿಸಬೇಕಾದರೆ ಪ್ರಕಟಣೆ, ವಿಚಾರಣೆ, ಮತ್ತೆ ಪ್ರಕಟಣೆ ಎಂದು ತಿಂಗಳುಗಳು ಹಿಡಿಯುತ್ತವೆ, ಅಂಗಡಿಗಳಿಗೂ ಸಮಯ ಬೇಕು. 39ನೇ ಕಾನೂನು 180 ದಿನದ ಬಳಿಕ ಜಾರಿಗೆ ಬಂತು.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಹಣಕಾಸು ಪರಿಣಾಮದ ಹಾಳೆ. ಕಾನೂನು ಜಾರಿಯಾಗುವ ವರ್ಷ, ಅದರ ಮರುವರ್ಷ, ಪೂರ್ತಿ ಪರಿಣಾಮ ಕಾಣುವ ವರ್ಷ, ಹೀಗೆ ಮೂರು ಕಾಲಂ. ಕಾಲಂ ಒಂದೊಂದರಲ್ಲೂ ಆದಾಯ, ವೆಚ್ಚ, ನಿವ್ವಳ. ಹಣ ಎಲ್ಲಿಂದ, ಮಾಹಿತಿ ಕೊಟ್ಟವರು ಯಾರು ಎಂಬುದು ಅದರ ಕೆಳಗೆ. ಕೊನೆಯಲ್ಲಿ ಅಂದಾಜು ಮಾಡಿದವರ ಹೆಸರು, ಪರಿಶೀಲಿಸಿದವರ ಹೆಸರು. ಇಲಾಖೆಯೊಂದು ‘ಇದಕ್ಕೆ ಹತ್ತು ಇನ್‌ಸ್ಪೆಕ್ಟರುಗಳು ಬೇಕು’ ಎಂದು ಎದುರಾಡಿದರೆ, ಆ ಇಲಾಖೆಯಲ್ಲಿ ಮಂಜೂರಾಗಿಯೂ ಖಾಲಿ ಬಿದ್ದಿರುವ ಹುದ್ದೆ ಎಷ್ಟು ಎಂದು ತೆಗೆದು ತೋರಿಸುವುದು ಕೌನ್ಸಿಲ್‌ನ ವಿಶ್ಲೇಷಕರ ಕೆಲಸ. ಅವರ ಸಂಬಳ ಕೌನ್ಸಿಲ್‌ನದು, ಮೇಯರ್ ಆಡಳಿತದ್ದಲ್ಲ.

ನಮ್ಮ ಕಡೆ ನೋಡಿ. ಪಾಲಿಕೆ ಸಭೆಯ ಮುಂದೆ ಬರುವ ವಿಷಯಕ್ಕೆ ಟಿಪ್ಪಣಿ ಬರೆಯುವವರು ಯಾರು? ಆ ಪ್ರಸ್ತಾವ ತಂದ ಇಲಾಖೆಯವರೇ. ಟೆಂಡರ್ ಒಪ್ಪಿಗೆ ಬೇಕಾದ ವಿಭಾಗವೇ ಟೆಂಡರ್ ಯಾಕೆ ಸರಿ ಎಂದು ಬರೆಯುತ್ತದೆ, ಆಯುಕ್ತರ ಸಹಿಯಾಗುತ್ತದೆ, ಅದೇ ಕಾರ್ಪೊರೇಟರ್ ಕೈಗೆ ಸಿಗುವ ಏಕೈಕ ಕಾಗದ. ಉತ್ತರಪತ್ರಿಕೆ ಬರೆದವನೇ ಮೌಲ್ಯಮಾಪನಕ್ಕೂ ಕೂತ ಹಾಗೆ. ಕೌನ್ಸಿಲ್ ಕಾರ್ಯದರ್ಶಿ ಕಚೇರಿ ಇದೆ, ನಿಜ; ನೋಟಿಸ್ ಕಳಿಸುತ್ತದೆ, ಕಾರ್ಯಸೂಚಿ ಹಂಚುತ್ತದೆ, ನಡಾವಳಿ ಬರೆಯುತ್ತದೆ. ‘ಈ ಬೈಲಾದ ಮೂರನೇ ಕಲಂ ಜಾರಿ ಮಾಡಲು ಸಿಬ್ಬಂದಿ ಇದೆಯೇ’ ಎಂದು ಕೇಳುವವರು ಅಲ್ಲಿಲ್ಲ. ಪೂರಕ ಕಾರ್ಯಸೂಚಿ ಸಭೆಯ ಹೊತ್ತಿಗೆ ಮೇಜಿಗೆ ಬಂದರೆ ಓದಲು ಸಮಯ ಎಲ್ಲಿ? ಸದಸ್ಯರಿಗೆ ಉಳಿಯುವ ದಾರಿ ಎರಡೇ: ಕೈ ಎತ್ತುವುದು, ಇಲ್ಲವೇ ಬಾವಿಗಿಳಿದು ಕೂಗುವುದು. ಗಲಾಟೆ ನೋಡಿ ‘ಕಾರ್ಪೊರೇಟರುಗಳೇ ಹೀಗೆ’ ಎಂದು ಬೈಯುವವರು, ಅವರ ಕೈಯಲ್ಲಿ ಬೇರೆ ಕಾಗದವೇ ಇರಲಿಲ್ಲ ಎಂಬುದನ್ನು ಮರೆಯುತ್ತಾರೆ. ಇದು ಬುದ್ಧಿಯ ಕೊರತೆ ಎಂದು ನಾನು ಒಪ್ಪುವುದೇ ಇಲ್ಲ. ಹನ್ನೆರಡು ಸ್ಥಾಯಿ ಸಮಿತಿ ಇಟ್ಟುಕೊಂಡಿದ್ದ ಬಿಬಿಎಂಪಿ, ಸಮಿತಿಗೊಬ್ಬ ವಿಶ್ಲೇಷಕರನ್ನು ಕೊಡುವ ಯೋಚನೆ ಮಾಡಲಿಲ್ಲ.

ನ್ಯೂಯಾರ್ಕಿನದೆಲ್ಲ ಚಿನ್ನವಲ್ಲ ಎಂಬುದನ್ನೂ ಹೇಳಬೇಕು. ಅಲ್ಲಿನ ಸಿಬ್ಬಂದಿ ಕೌನ್ಸಿಲ್‌ನ ಮುಖ್ಯಸ್ಥರಾದ ಸ್ಪೀಕರ್ ಹಿಡಿತದಲ್ಲಿದ್ದಾರೆ. ಸ್ಪೀಕರ್‌ಗೆ ಬೇಡವಾದ ಸದಸ್ಯರ ಕರಡು ಸಾಲಿನಲ್ಲಿ ಹಿಂದೆ ಬಿದ್ದರೆ ಕೇಳುವವರಿಲ್ಲ. ಇಷ್ಟು ವಕೀಲರಿದ್ದೂ, ಪೌರತ್ವವಿಲ್ಲದ ನಿವಾಸಿಗಳಿಗೆ ನಗರದ ಚುನಾವಣೆಯಲ್ಲಿ ಮತ ಕೊಡುವ 2022ರ ಕಾನೂನನ್ನು ರಾಜ್ಯದ ಅತ್ಯುನ್ನತ ನ್ಯಾಯಾಲಯ 2025ರ ಮಾರ್ಚ್‌ನಲ್ಲಿ ಸಂವಿಧಾನಬಾಹಿರ ಎಂದಿತು. ನಮ್ಮ ಪಾಲಿಕೆಗಳ ಕೈ ಇನ್ನೂ ಬಿಗಿಯಾಗಿ ಕಟ್ಟಿದೆ. ಬೈಲಾ ಮಾಡಿದರೂ ರಾಜ್ಯ ಸರ್ಕಾರದ ಒಪ್ಪಿಗೆ ಬೇಕು. ಬೆಂಗಳೂರಿನಲ್ಲಂತೂ 198 ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಯದೇ ಆಳ್ವಿಕೆ. ಕೌನ್ಸಿಲ್ಲೇ ಇಲ್ಲದಿದ್ದಾಗ ಅದರ ಸಂಶೋಧಕರ ಮಾತೆಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿಲ್ಲ.

ಇನ್ನೊಂದು ಮಾತು, ಒಪ್ಪಲು ಕಷ್ಟವಾದರೂ ನಿಜ. ಮಳೆ ಬಂದ ರಾತ್ರಿ ಯಾವ ತಿರುವಿನ ರಾಜಕಾಲುವೆ ಮೊದಲು ಉಕ್ಕುತ್ತದೆ, ಯಾವ ಮನೆಯ ನೆಲಮಾಳಿಗೆಗೆ ನೀರು ನುಗ್ಗುತ್ತದೆ ಎಂದು ನಮ್ಮ ಕಾರ್ಪೊರೇಟರ್ ಕಣ್ಣು ಮುಚ್ಚಿ ಹೇಳುತ್ತಾರೆ. ನ್ಯೂಯಾರ್ಕಿನ ಸಮಿತಿ ವರದಿಯಲ್ಲಿ ಎಷ್ಟೇ ಅಡಿಟಿಪ್ಪಣಿ ಇದ್ದರೂ ಆ ತಿಳಿವಳಿಕೆ ಸಿಗುವುದು ಅಪರೂಪ.

ಬೆಂಗಳೂರಿಗೆ 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆಗಳು. ಒಂದೊಂದರ ಕೌನ್ಸಿಲ್ ಕಾರ್ಯದರ್ಶಿ ಕಚೇರಿಗೂ ಒಬ್ಬ ವಕೀಲರು, ಲೆಕ್ಕ ಬಲ್ಲ ಇಬ್ಬರು, ಕಡತ ಹುಡುಕಿ ತೆಗೆಯಬಲ್ಲ ಒಬ್ಬರು ಸಾಕು. ಅವರ ಕೆಲಸವನ್ನು ಅಳೆಯುವ ಗೋಪ್ಯ ವರದಿ ಆಯುಕ್ತರು ಬರೆಯಬಾರದು, ಕೌನ್ಸಿಲ್ ಬರೆಯಬೇಕು. ಪ್ರತಿ ವಿಷಯದ ಜೊತೆ ಇಲಾಖೆಯ ಟಿಪ್ಪಣಿ ಬರಲಿ, ಪಕ್ಕದಲ್ಲಿ ಇವರದೊಂದು ಪುಟ ಬರಲಿ, ಸಭೆಗೆ ಏಳು ದಿನ ಮೊದಲು. ಮೊದಲ ತಿಂಗಳು ಅವರಿಗೆ ಮೇಜೇ ಬೇಡ. ಕಾರ್ಪೊರೇಟರ್ ಹಿಂದೆ ವಾರ್ಡು ಸುತ್ತಿ, ಯಾವ ಕಾಲುವೆ ಎಲ್ಲಿ ಉಕ್ಕುತ್ತದೆ ಎಂದು ಬರೆದುಕೊಳ್ಳಲಿ.