ಸೇರುವ ಮೊದಲು ಒಂದು ಕ್ಲಾಸಲ್ಲಿ ಕೂತು ನೋಡಿ

ನಗರದ ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲ್‌ನಲ್ಲಿ ಓದಿದರೆ ಕಂಪನಿಗಳು ಹತ್ತಿರ, ಕೆಲಸ ಬೇಗ ಸಿಗುತ್ತೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಿಜ. ಆದರೆ ಅಲ್ಲಿ ಓದುವಾಗ ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಕೇಸ್ ಕ್ಲಾಸ್‌ಗಳು, ಅಂದರೆ ಕಂಪನಿಗಳ ಸಮಸ್ಯೆಗಳನ್ನು ಚರ್ಚಿಸಿ ಕಲಿಯುವ ಪಾಠಗಳು. 1908ರಲ್ಲಿ ಶುರುವಾದ ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಈ ಪದ್ಧತಿಯನ್ನು ಕಾನೂನು ಪಾಠದಿಂದ ತೆಗೆದುಕೊಂಡಿತು. ಒಂದು ಕಂಪನಿಯ ನಿಜವಾದ ತೊಂದರೆಯನ್ನು ಕೆಲವು ಪುಟಗಳಲ್ಲಿ ಕೊಡುತ್ತಾರೆ, ಉತ್ತರ ಅದರಲ್ಲಿ ಇರುವುದಿಲ್ಲ. ಹಿಂದಿನ ರಾತ್ರಿಯೇ ಓದಿಕೊಂಡು ಹೋಗಬೇಕು.

ಮೊದಲ ವಾರ ಮೇಷ್ಟ್ರು ಒಳಗೆ ಬಂದವರೇ ನನ್ನ ಕಡೆ ತಿರುಗಿ, "ಈ ಕಂಪನಿಗೆ ಲಾಭ ಇದೆ, ಆದರೂ ಸಂಬಳ ಕೊಡೋಕೆ ದುಡ್ಡಿಲ್ಲ. ಯಾಕೆ?" ಅಂತ ಕೇಳಿದರು. ನನ್ನ ಬಾಯಿ ಒಣಗಿತು. ಹಿಂದಿನ ಸಾಲಲ್ಲಿದ್ದ ಎಂಜಿನಿಯರಿಂಗ್ ವಿಭಾಗದ ಹುಡುಗಿ, "ಸರಕು ಸಾಲಕ್ಕೆ ಮಾರಿದ್ದಾರೆ ಸರ್, ಹಣ ಇನ್ನೂ ಬಂದಿಲ್ಲ" ಅಂದಳು. ಲಾಭ ಬೇರೆ, ಕೈಯಲ್ಲಿರುವ ನಗದು ಬೇರೆ ಅಂತ ಅವತ್ತು ತಲೆಗೆ ಹೋಯಿತು, ಇವತ್ತಿಗೂ ಮರೆತಿಲ್ಲ. ಬೇರೆ ವಿಭಾಗದವರು ಪಕ್ಕದಲ್ಲೇ ಕೂರುವುದು ಎಲ್ಲ ವಿಭಾಗಗಳೂ ಇರುವ ವಿಶ್ವವಿದ್ಯಾಲಯದಲ್ಲಿ ಓದುವುದರ ದೊಡ್ಡ ಲಾಭ, ಅಲ್ವಾ? ಲೇಖನದಲ್ಲಿ ಇದು ಬರಲೇ ಇಲ್ಲ.

ಮಾನ್ಯತೆಯ ಬಗ್ಗೆಯೂ ಬರೆಯಬೇಕಿತ್ತು. ಬಿಸಿನೆಸ್ ಶಿಕ್ಷಣದ ಗುಣಮಟ್ಟ ನೋಡಿ ಕೊಡುವ ಅಂತಾರಾಷ್ಟ್ರೀಯ ಮಾನ್ಯತೆಗಳಾದ ಎಎಸಿಎಸ್‌ಬಿ, ಈಕ್ವಿಸ್, ಆಂಬಾ ಈ ಮೂರೂ ಇದ್ದರೆ ಟ್ರಿಪಲ್ ಕ್ರೌನ್ ಅನ್ನುತ್ತಾರೆ. ಜಾಹೀರಾತು ನಂಬಿ ಸುಮ್ನೆ ಕೂರಬೇಡಿ, ಮಾನ್ಯತೆ ಕೊಡುವ ಸಂಸ್ಥೆಗಳ ಪಟ್ಟಿಯಲ್ಲೇ ಸ್ಕೂಲ್‌ನ ಹೆಸರು ಹುಡುಕಿ. ಫೀಸ್ ಕಟ್ಟುವ ಮೊದಲು ಒಂದು ಕ್ಲಾಸಲ್ಲಿ ಕೂರಲು ಬಿಡುತ್ತಾರಾ ಅಂತಲೂ ಕೇಳಿ. ಅಲ್ಲಿ ಮೇಷ್ಟ್ರು ಎಷ್ಟು ಮಾತಾಡುತ್ತಾರೆ, ಮಕ್ಕಳು ಎಷ್ಟು ಮಾತಾಡುತ್ತಾರೆ ಅಂತ ಗಮನಿಸಿ.